ನೀರುಗಂಟಿಯ ಮನೆಯಲ್ಲಿ ಹಾರದ ಕೊಕ್ಕರೆ

ಸಿದ್ದರಾಜು ನಾಲೆಯ ಏರಿಯ ಮೇಲೆ ಬರುತ್ತಿದ್ದಾನೆ ಎಂದರೆ ಮೇಲುಗದ್ದೆಯವರು ಗುದ್ದಲಿ ಬಚ್ಚಿಡುತ್ತಿದ್ದ ಕಾಲವೊಂದಿತ್ತು. ಮದ್ದೂರು ತಾಲ್ಲೂಕಿನ ನಮ್ಮೂರ ಗದ್ದೆಗಳಿಗೆಲ್ಲ ಅವನೇ ನೀರುಗಂಟಿ. ಸರದಿ ಬಂದವರಿಗೆ ತೂಬು ಎತ್ತಬೇಕು, ಸರದಿ ಮುಗಿದವರಿಗೆ ಇಳಿಸಬೇಕು. ಇಲಾಖೆಯ ಸಂಬಳ, ಊರವರ ಬೈಗುಳ, ಎರಡನ್ನೂ ಉಂಡು ಅರಗಿಸಿಕೊಂಡವನು. ನಾಲೆಯ ಬಾಯಲ್ಲಿ ಗದ್ದೆ ಇರುವವನು ಕಬ್ಬಿನ ಕತ್ತಿನ ತನಕ ನೀರು ಹಾಯಿಸಿಕೊಂಡು ಮಲಗುವುದು, ಕೊನೆಯಲ್ಲಿರುವವನು ಬಿರುಕು ನೆಲ ನೋಡುತ್ತ ಕೂರುವುದು ಅವನಿಗೆ ಆಗದು. ಒಮ್ಮೆ ಮೇಲುಗದ್ದೆಯವರು ಮಾತಿಗೆ ಮಾತು ಬೆಳೆದು ಅವನನ್ನು ನಾಲೆಗೇ ತಳ್ಳಿದರು. ಎದ್ದು ಬಂದ, ಪಂಚೆ ಹಿಂಡಿಕೊಂಡ, ಅದೇ ತೂಬನ್ನು ಅವರ ಕಣ್ಣ ಮುಂದೆಯೇ ಇಳಿಸಿದ. ಅವನ ಹೆಂಡತಿ ಮಂಗಳಮ್ಮ ಅಂದು ಒಣಗಿದ ಪಂಚೆ ಕೊಡುತ್ತ, "ಹಟ ಅನ್ನೋದು ನಿಮ್ಮ ಹೊಟ್ಟೇಲೇ ಹುಟ್ಟಿ ನಿಮ್ಮ ಹೊಟ್ಟೇಲೇ ಬೆಳ್ದದೆ" ಅಂದಳು. ಅದಕ್ಕಿಂತ ಚೆನ್ನಾಗಿ ಅವನ ಬಗ್ಗೆ ಯಾರೂ ಹೇಳಿಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಸದ್ದಿನ ಹುಚ್ಚು ಹಿಡಿಯಿತು. ಹಿಡಿಸಿದವಳು ಮಗಳು ಕವಿತ. ಅವಳು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಸಿನಿಮಾಗಳ ಸದ್ದನ್ನು ಹದ ಮಾಡುವ ಕೆಲಸ ಕಲಿಯುತ್ತಿದ್ದಳು. ಒಂದು ದಿನ ಅಪ್ಪನನ್ನು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ ಮಳೆಯ ಸದ್ದು ಹಾಕಿದಳಂತೆ. ಮಳೆ ಬೆನ್ನ ಹಿಂದಿನಿಂದ ಬಂದು, ತಲೆಯ ಮೇಲೆ ಹಾದು, ಮುಂದಕ್ಕೆ ಹೋಯಿತಂತೆ. "ಅಯ್ಯಯ್ಯೋ, ರಾಗಿ ಒಣಾಕಿ ಬಂದಿದ್ನಲ್ಲವ್ವಾ!" ಎಂದು ಇವನು ಎದ್ದೇ ನಿಂತನಂತೆ.

ಆವತ್ತಿನಿಂದ ಅಂಥದ್ದೇ ಮನೆಯಲ್ಲಿ ಆಗಬೇಕು ಎಂದು ಕೂತ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತಾನೇ ಕಲಿತ, ಮಗಳನ್ನೂ ಕೇಳಲಿಲ್ಲ. ಕೇಳಿ ಕಲಿತದ್ದು ಬಾಡಿಗೆ ಎತ್ತು, ತಾನೇ ಕಲಿತದ್ದು ಕೊಟ್ಟಿಗೆಯ ಎತ್ತು ಎಂಬುದು ಅವನ ಮತ. ನನ್ನದೂ ಅದೇ. ಟಿವಿಯ ಎಡಕ್ಕೊಂದು ಬಲಕ್ಕೊಂದು ಸ್ಪೀಕರು, ಕೆಳಗೆ ಮಾತಿಗೆಂದೇ ಒಂದು, ಕೂತವರ ಬೆನ್ನ ಹಿಂದಿನ ಗೋಡೆಗೆ ಎರಡು, ಮೂಲೆಯಲ್ಲಿ ಗುಡುಗು ಸಿಡಿಲಿಗೆ ಒಂದು ದಪ್ಪ ಡಬ್ಬ. ಇಷ್ಟಕ್ಕೂ ಸದ್ದು ಹಂಚುವ ಕಪ್ಪು ಪೆಟ್ಟಿಗೆಗೆ ರಿಸೀವರ್ ಎಂದು ಹೆಸರು. ಸಿನಿಮಾಗಳೆಲ್ಲ ಅಟ್ಟದ ಮೇಲಿನ ಪುಟ್ಟ ಕಂಪ್ಯೂಟರಿನಲ್ಲಿ ಇರುತ್ತವೆ. ಅಲ್ಲಿಂದ ವೈಫೈಯಲ್ಲಿ ಇಳಿದು ಟಿವಿಗೆ ಬಂದು, ಟಿವಿಯಿಂದ ವೈರಿನಲ್ಲಿ ರಿಸೀವರಿಗೆ ಹೋಗುತ್ತವೆ. "ಅಟ್ಟ ಕಟ್ಟೆ, ಟಿವಿ ನಾಲೆ, ಈ ಕಪ್ಪು ಪೆಟ್ಗೆ ತೂಬು ಕಣ್ಲಾ" ಎಂದು ನನಗೆ ವಿವರಿಸಿದ್ದ. ಸಂಜೆಯಾದರೆ ನೆರೆಮನೆಯವರು ನಾವು ನಾಲ್ಕೈದು ಜನ ಅಲ್ಲೇ ಬಿದ್ದಿರುತ್ತಿದ್ದೆವು.

ಈಗ ಹೇಳಬೇಕಾದ್ದು ಈ ಬೇಸಿಗೆಯ ಒಂದು ಶನಿವಾರದ ಸಂಗತಿ.

ಅಂದು ಬೆಳಗ್ಗೆ ಕವಿತ ಬಸ್ಸಿಳಿದು ಬಂದಾಗಲೇ ಮುಖ ಬಿಗಿದಿತ್ತು. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಮೇಲೆ ಯಾರೋ ಒಂದು ಸಣ್ಣ ಚಿತ್ರ ಮಾಡಿದ್ದರು. ಅದರ ಸದ್ದು ಪೂರ್ತಿಯಾಗಿ ಅವಳೊಬ್ಬಳ ಕೈಗೆ ಬಂದಿತ್ತು. ಅವಳ ಹೆಸರಲ್ಲಿ ಹೊರಗೆ ಹೋಗುವ ಮೊದಲ ಕೆಲಸ. ಅವಳ ಗುರು ರಘುನಂದನ್, "ಸ್ಟುಡಿಯೋದಲ್ಲಿ ಚೆನ್ನಾಗಿದೆ. ಆದರೆ ಜನ ನೋಡೋದು ಮನೆಯಲ್ಲಿ. ನಿಮ್ಮ ತಂದೆ ಸೆಟ್ಟಲ್ಲಿ ಒಂದು ಸಲ ಕೇಳು. ಸರಿಯಿದ್ದರೆ ಸರಿ ಅನ್ನು, ಇಲ್ಲದಿದ್ದರೆ ತಿದ್ದಿ ಕಳಿಸು. ಸಂಜೆ ಆರಕ್ಕೆ ನಾನು ಮುಂದಕ್ಕೆ ಕಳಿಸಿಬಿಡ್ತೀನಿ, ಆಮೇಲೆ ತಿದ್ದೋಕಾಗಲ್ಲ" ಎಂದು ಹೇಳಿ ಕಳಿಸಿದ್ದರು. ಇದು ಕೆಟ್ಟರೆ ಇನ್ನಷ್ಟು ವರ್ಷ ಬೇರೆಯವರಿಗೆ ವೈರು ಸುತ್ತಿ ಕೊಡುತ್ತ ಇರಬೇಕು ಎಂದು ಅವಳೇ ತಾಯಿಗೆ ಹೇಳಿದಳು.

ಊಟ ಮುಗಿಸಿ ಎಲ್ಲರೂ ಕೂತೆವು. ಮಳವಳ್ಳಿಗೆ ಕೊಟ್ಟಿದ್ದ ಸಿದ್ದರಾಜುವಿನ ಅಕ್ಕ ಚಿಕ್ಕನಂಜಮ್ಮನೂ ತವರಿಗೆ ಬಂದಿದ್ದಳು. ಹಿಂದಿನ ಗೋಡೆಯ ಬಳಿ ಮಂಚದ ಮೇಲೆ ಎಲೆ ಅಡಿಕೆ ಹರವಿಕೊಂಡಳು. ಕವಿತ ಚಿತ್ರವನ್ನು ಅಟ್ಟದ ಕಂಪ್ಯೂಟರಿಗೆ ಹಾಕಿ ಟಿವಿಯಲ್ಲಿ ಹಚ್ಚಿದಳು.

ಚಿತ್ರದಲ್ಲಿ ಒಬ್ಬ ಮುದುಕಿ ತನ್ನ ಅಂಗಳದ ಹುಣಸೆ ಮರದಡಿ ಕೂತು ಮಾತಾಡುತ್ತಾಳೆ. ಎರಡು ಮಾತು ಆಡಿ ಸುಮ್ಮನಾಗುತ್ತಾಳೆ. ಆ ಮೌನದಲ್ಲಿ ನಮ್ಮ ಬೆನ್ನ ಹಿಂದೆ ಗೂಡಿನ ಮರಿಗಳು ಕೂಗಬೇಕು, ಒಂದು ದೊಡ್ಡ ಕೊಕ್ಕರೆ ಎಡಗಡೆ ಹಿಂದಿನಿಂದ ರೆಕ್ಕೆ ಬಡಿಯುತ್ತ ಬಂದು ಮುಂದೆ ಮುದುಕಿಯ ತಲೆಯ ಮೇಲೆ ಇಳಿದು ಕೊಕ್ಕು ಕಟಕಟ ಅನ್ನಿಸಬೇಕು. ಇಡೀ ಚಿತ್ರ ಆ ಒಂದು ಹಾರಾಟದ ಮೇಲೆ ನಿಂತಿದೆ ಎಂದಳು ಕವಿತ.

ಮುದುಕಿ ಸುಮ್ಮನಾದಳು. ಕೊಕ್ಕರೆ ಹಾರಲಿಲ್ಲ. ಸದ್ದೇನೋ ಬಂತು. ಆದರೆ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ, ಎಲ್ಲ ಕಡೆಯಿಂದಲೂ ಒಂದೇ ಸಲ ಬಂತು. ಕೊಕ್ಕಿನ ಕಟಕಟ ನೆನೆದ ಅವಲಕ್ಕಿಯಂತೆ ಮೆತ್ತಗಾಗಿತ್ತು.

"ಇನ್ನೊಂದ್ಸಲ" ಅಂದಳು ಕವಿತ. ಮತ್ತೂ ಹಾಗೇ.

"ಅಪ್ಪಾ, ನಿನ್ ಸೆಟ್ಟಲ್ಲಿ ಏನಾದ್ರೂ..."

ಸಿದ್ದರಾಜು ಚೇಳು ಕಡಿದವನಂತೆ ಎದ್ದ. "ನನ್ ಸೆಟ್ಟಾ? ನೋಡ್ಕೊ ಬಾ ಇಲ್ಲಿ." ರಿಮೋಟು ಒತ್ತಿದ. ರಿಸೀವರಿನೊಳಗೇ ಪರೀಕ್ಷೆಯ ಸದ್ದೊಂದು ಇರುತ್ತದೆ. ಅದು ಎಡ ಸ್ಪೀಕರಿನಲ್ಲಿ ಬುಸ್ಸೆಂದಿತು, ಆಮೇಲೆ ನಡುವಿನದರಲ್ಲಿ, ಬಲಕ್ಕೆ, ಹಿಂದಿನ ಎರಡರಲ್ಲಿ, ಒಂದೊಂದಾಗಿ, ತಪ್ಪದೆ. "ಒಂದಾದ್ರೂ ಸತ್ತದಾ? ಯೋಳು ಮತ್ತೆ! ನನ್ ನಾಲೇಲಿ ಸೋರೋದಿಲ್ಲ ಮಗಾ. ಬಿತ್ತಿದ್ದೇ ಜೊಳ್ಳಾದ್ರೆ ನೀರುಗಂಟಿ ಏನ್ ಮಾಡಾನು?"

ಆ ಮಾತು ಅವಳಿಗೆ ನಾಟಿತು. ಸ್ಪೀಕರೆಲ್ಲ ನೆಟ್ಟಗಿವೆ, ಅಂದಮೇಲೆ ತಪ್ಪು ತನ್ನದೇ, ಹಿಂದಿನ ಸದ್ದನ್ನು ತೀರ ಸಣ್ಣಗೆ ಇಟ್ಟುಬಿಟ್ಟಿದ್ದೇನೆ ಎಂದುಕೊಂಡಳು. ಲ್ಯಾಪ್‌ಟಾಪು ತೆಗೆದಳು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಬೆನ್ನ ಹಿಂದಿನ ಹಕ್ಕಿಗಳನ್ನೆಲ್ಲ ಏರಿಸಿದಳು. ಹೊಸ ಪ್ರತಿ ಮಾಡಿ ಟಿವಿಯಲ್ಲಿ ಹಾಕಿದಾಗ ಕೊಕ್ಕರೆಯ ಸದ್ದು ದೊಡ್ಡದಾಗಿ ಬಂತು. "ಬಂತಲ್ಲ!" ಅಂದ ಸಿದ್ದರಾಜು. ಅವಳು ಅದನ್ನೇ ರಘುನಂದನ್‌ಗೆ ಕಳಿಸಿ, ಇದೇ ಸರಿಯಾದದ್ದು ಎಂದು ಬರೆದುಬಿಟ್ಟಳು.

ಕಳಿಸಿದ ಮೇಲೆ ಅವಳಿಗೆ ಸಮಾಧಾನವಿಲ್ಲ. ಹಾಕುತ್ತಾಳೆ, ಕೇಳುತ್ತಾಳೆ, ನಿಲ್ಲಿಸುತ್ತಾಳೆ. ಕಾಫಿ ಆರಿಹೋಯಿತು. "ಸದ್ದು ದೊಡ್ಡದಾಯ್ತು ಕಣಮ್ಮ, ಆದ್ರೆ ಅದು ಹಾರ್ತಾ ಇಲ್ಲ. ಕಟ್ಟಾಕಿದ ಕೋಳಿ ಥರ ಇದ್ದಲ್ಲೇ ಬಡ್ಕೋತಾ ಅದೆ" ಎಂದು ತಾಯಿಗೆ ಹೇಳಿದಳು. ಬೆಳಕು ಕಿಟಕಿಯಿಂದ ನೆಲಕ್ಕೆ ಇಳಿದು ಗೋಡೆ ಹತ್ತುತ್ತಿತ್ತು. ಐದಾಗುತ್ತ ಬಂದಿತ್ತು.

ಅವಳು ರಿಸೀವರಿನ ಮುಂದೆ ಮಂಡಿಯೂರಿದಳು. ಆ ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಗಾಜಿನ ಕಿಟಕಿ ಇದೆ. ಒಳಕ್ಕೆ ಯಾವ ಸದ್ದು ಬರುತ್ತಿದೆ, ಹೊರಕ್ಕೆ ಹೇಗೆ ಹೋಗುತ್ತಿದೆ ಎಂದು ಅಕ್ಷರ ಮೂಡುವುದು ಅಲ್ಲಿ. ಆದರೆ ಅದು ಕಾಣುತ್ತಿರಲಿಲ್ಲ. ಆಯುಧಪೂಜೆಯಲ್ಲಿ ಆ ಗಾಜಿನ ಮೇಲೆ ಮೂರು ಬೆರಳಗಲ ವಿಭೂತಿ ಬಳಿದು ನಡುವೆ ಕಾಸಗಲದ ಕುಂಕುಮ ಇಟ್ಟಿದ್ದರು. ತಿಂಗಳುಗಟ್ಟಲೆ ಒಣಗಿ ಗಾರೆಯಂತೆ ಕಚ್ಚಿಕೊಂಡಿತ್ತು.

"ಅಪ್ಪಾ, ಇದನ್ನ ಒರೆಸ್ಬೇಕು."

"ಮುಟ್ಟಬ್ಯಾಡ" ಅಂದ ಸಿದ್ದರಾಜು. "ತೂಬಿನ ಚಕ್ರುಕ್ಕೂ ಅಂಗೇ ಬಳೀತಿದ್ದೆ. ಮಳೆ ತೊಳೀಬೇಕು, ಇಲ್ಲ ಮುಂದಿನ ಪೂಜೆಗೆ ಅಳಿಸ್ಬೇಕು. ನಡುವೆ ಕೈ ಆಕ್ಬಾರ್ದು."

"ಮನೆ ಒಳಗೆ ಮಳೆ ಎಲ್ಲಿಂದ ಬರತ್ತೆ ಅಪ್ಪಾ?"

ಹಿಂದಿನಿಂದ ಚಿಕ್ಕನಂಜಮ್ಮ, "ದೇವ್ರ ಕುಂಕುಮ ಅಳಿಸ್ಬುಟ್ಟು ಆಮೇಲೆ ಸಬ್ದ ಬರ್ನಿಲ್ಲ, ಮಾತು ಬರ್ನಿಲ್ಲ ಅಂತ ಅಳ್ತಾ ಕುಂತ್ಕೊಬ್ಯಾಡಿ. ನಮ್ ಮಳವಳ್ಳೀಲಿ ಒಬ್ಬ ಟ್ರಾಕ್ಟ್ರು ಒರೆಸಿ ಗುಂಡಿಗೆ ಬಿದ್ದ" ಅಂದಳು.

"ದೊಡ್ಡತ್ತೆ, ಅವ್ನು ಕುಡ್ದಿದ್ದ ಅಂತ ನೀವೇ ಹೇಳಿದ್ರಿ!"

"ಕುಡುದ್ರೂ ದಿನಾ ಬೀಳ್ತಿದ್ನಾ? ಒರೆಸಿದ್ ದಿನ ಬಿದ್ದ."

ನಗುವ ಹೊತ್ತಲ್ಲ, ಆದರೂ ನನಗೆ ನಗು ಬಂತು. ಕವಿತ ನಗಲಿಲ್ಲ. ಅಪ್ಪ ಪೆಟ್ಟಿಗೆಗೆ ಅಡ್ಡ ನಿಂತಿದ್ದ. ಹಿಂದೆ ತೂಬಿನ ಮುಂದೆ ಗುದ್ದಲಿ ಹಿಡಿದವರಿಗೆ ಅಡ್ಡ ನಿಲ್ಲುತ್ತಿದ್ದನಲ್ಲ, ಅದೇ ನಿಲುವು. ಮಗಳ ಕಣ್ಣು ತುಂಬಿತ್ತು. ಇಬ್ಬರೂ ಒಂದೇ ಮಣ್ಣಿನವರು, ಇಬ್ಬರಿಗೂ ಹಿಂದೆ ಸರಿದು ಗೊತ್ತಿಲ್ಲ.

ಅಡುಗೆ ಮನೆಯಿಂದ ಮಂಗಳಮ್ಮ ಬಂದಳು. ಕೈಯಲ್ಲಿ ಒದ್ದೆ ಬಟ್ಟೆ. ಗಂಡನ ತೋಳು ಹಿಡಿದು ಬಾಗಿಲು ಸರಿಸಿದಂತೆ ಪಕ್ಕಕ್ಕೆ ಸರಿಸಿದಳು. "ಬಳಿದೋಳು ನಾನು. ನಾನೇ ಒರೆಸ್ತೀನಿ. ದೇವ್ರು ಕೇಳುದ್ರೆ ನನ್ ಹೆಸರೇಳಿ" ಎಂದವಳೇ ಗಾಜಿನ ಮೇಲೆ ಒತ್ತಿ ಎರಡು ಸಲ ಎಳೆದಳು. ಬಟ್ಟೆಯನ್ನು ಕಣ್ಣಿಗೊತ್ತಿಕೊಂಡಳು.

ಒಳಗಿನಿಂದ ನೀಲಿ ಅಕ್ಷರ ಹೊಳೆಯಿತು. ಕವಿತ ಓದಿದಳು, ಆಮೇಲೆ ಹಣೆ ಚಚ್ಚಿಕೊಂಡಳು.

"ನಾನು ಮೊದಲೇ ಇದನ್ನ ನೋಡ್ಬೇಕಿತ್ತು. ನಾನು ಕಳಿಸಿರೋದು ಆರು ದಾರಿಯ ಸದ್ದು ಅಪ್ಪಾ. ಇಲ್ಲಿಗೆ ಬಂದು ಮುಟ್ತಿರೋದು ಎರಡೇ ದಾರಿ. ಈ ಟಿವಿಗೆ ಹಿಂಡದೇ ಇರೋ ಸದ್ದನ್ನ ಹಾಗೇ ದಾಟಿಸೋ ತಾಕತ್ತಿಲ್ಲ. ಅದಕ್ಕೆ ಅಟ್ಟದ ಮೇಲಿರೋ ಕಂಪ್ಯೂಟ್ರೇ ಆರನ್ನ ಹಿಂಡಿ, ಕುಗ್ಗಿಸಿ, ಎರಡು ಮಾಡಿ ಕಳುಸ್ತಾ ಅದೆ. ಕೊಕ್ಕು ಮೆತ್ತಗಾಗಿರೋದೂ ಅದಕ್ಕೇ."

ಸಿದ್ದರಾಜು ಅಟ್ಟದ ಕಡೆ ನೋಡಿದ. "ಮೇಲೇ ಕದೀತಾ ಅದಾ?" ಎಂದ. ಅವನ ಮುಖ ನೋಡಲಾಗಲಿಲ್ಲ.

ಯುಗಾದಿಗೆ ಅವಳೇ ತಂದುಕೊಟ್ಟಿದ್ದ ಒಂದು ಪುಟ್ಟ ಪ್ಲೇಯರ್ ಡಬ್ಬಿ ಷೋಕೇಸಿನಲ್ಲಿ ಬಿಚ್ಚದೆ ಕೂತಿತ್ತು. ಟಿವಿಯೇ ಇರುವಾಗ ನಡುವೆ ಇನ್ನೊಬ್ಬ ದಲ್ಲಾಳಿ ಯಾಕೆಂದು ಅವನು ಮುಟ್ಟಿರಲಿಲ್ಲ. ಕವಿತ ಅದನ್ನು ಹರಿದು ತೆಗೆದಳು. ಇದು ಅಟ್ಟದಿಂದ ಬಂದ ಸದ್ದನ್ನು ಹಿಡಿದು ನೇರ ರಿಸೀವರಿಗೆ ಕೊಡುತ್ತದೆ, ಟಿವಿಗೆ ಹೋಗುವುದು ಬರೀ ಚಿತ್ರ ಎಂದಳು. ವೈರು ಕಿತ್ತು, ವೈರು ಚುಚ್ಚಿ, ಹಚ್ಚಿದರೆ ಆ ಡಬ್ಬಿ ಮೊದಲು ತನ್ನನ್ನು ತಾನು ಹೊಸದು ಮಾಡಿಕೊಳ್ಳಬೇಕು ಎಂದು ಹಟ ಹಿಡಿಯಿತು. ಪರದೆಯ ಮೇಲೆ ಒಂದು ಗೆರೆ. ಬಸವನಹುಳು ಗೋಡೆ ಹತ್ತುವ ಹಾಗೆ ತೆವಳುತ್ತಿತ್ತು. ನಮ್ಮೂರಿನ ವೈಫೈ ಬೇರೆ. ಅವಳು ಉಗುರು ಕಚ್ಚುತ್ತ ನಿಂತಿದ್ದಳು. ಸಿದ್ದರಾಜು ಒಂದು ಸಲ ಗೆರೆ ನೋಡುತ್ತಿದ್ದ, ಒಂದು ಸಲ ಗೋಡೆಯ ಗಡಿಯಾರ ನೋಡುತ್ತಿದ್ದ. ಚಿಕ್ಕನಂಜಮ್ಮ ಕೂಡ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ್ದಳು.

ಗೆರೆ ಮುಗಿಯಿತು. ಡಬ್ಬಿಯ ಸೆಟ್ಟಿಂಗಿನಲ್ಲಿ ಬಂದ ಸದ್ದನ್ನು ಬಿಡಿಸದೆ ಹಾಗೇ ದಾಟಿಸು ಎಂಬ ಒಂದು ಸಾಲಿತ್ತು. ಅದನ್ನು ಆರಿಸಿದಳು. ಅದರ ಕೆಳಗೆ ಇನ್ನೂ ಹತ್ತಾರು ಸಾಲುಗಳಿದ್ದವು. ಸಿದ್ದರಾಜುವಿನ ಬೆರಳು ತುರಿಸಿತು. "ಅವನ್ನೂ ಎತ್ತು ಮಗಾ, ಎಲ್ಲಾನೂ ಎತ್ತಿದ್ರೆ ಜಾಸ್ತಿ ಬಂದಾತು."

"ಬ್ಯಾಡ ಅಪ್ಪಾ! ಏನೂ ಮುಟ್ಟದೇ ಇರೋದೇ ಇಲ್ಲಿ ಕೆಲಸ."

ಗಾಜಿನಲ್ಲಿ ಅಕ್ಷರ ಬದಲಾಯಿತು. ಆರು ದಾರಿ, ಒಂದು ಹನಿ ಸೋರದೆ ಬಂದಿದೆ ಎಂದು ಓದಿ ಹೇಳಿದಳು. ಉಸಿರು ಬಿಟ್ಟು ಚಿತ್ರ ಹಚ್ಚಿದಳು. ಮುದುಕಿ ಸುಮ್ಮನಾದಳು. ಕೊಕ್ಕಿನ ಕಟಕಟ ಈಗ ಒಣ ಬಿದಿರು ಬಡಿದಂತೆ ಗರಿಗರಿಯಾಗಿತ್ತು. ಆದರೆ ಹಕ್ಕಿ ಹಾರಲಿಲ್ಲ. ಮತ್ತೆ ನಾಲ್ಕು ದಿಕ್ಕಿನಲ್ಲೂ ಒಂದೇ ಸಲ ಬಡಿದುಕೊಂಡಿತು.

ಕವಿತ ಗಾಜಿಗೆ ಮುಖ ಹತ್ತಿಸಿ ಎರಡನೆಯ ಸಾಲು ಓದಿದಳು. ತಿರುಗಿ ಅಪ್ಪನನ್ನು ನೋಡಿದಳು. "ಎಲ್ಲಾ ಸ್ಪೀಕರಿಗೂ ಒಂದೇ ಸದ್ದು ಅಂತ ಅದೆ. ಯಾರು ಹಾಕಿದ್ದು ಇದನ್ನ?"

ಉತ್ತರ ಕೊಟ್ಟವಳು ಚಿಕ್ಕನಂಜಮ್ಮ. "ನಾನೇ ಆಕ್ಸಿದ್ದು ಕಣಮ್ಮ. ಓದ್ ಸಲ ಬಂದಾಗ ಒಂದು ಸಿನ್ಮಾ ಆಕಿದ್ದ. ಮುಂದ್ ಕುಂತೋರೆಲ್ಲ ಮಾತು ಕೇಳ್ಕೊಂಡು ನಗಾಡ್ತಾವ್ರೆ, ಇಲ್ಲಿ ಗೋಡೆ ತಾವು ನಂಗೆ ಬರೀ ಗಾಳಿ ಸಬ್ದ, ಎಲೆ ಸಬ್ದ. ಏನ್ಲಾ ಸಿದ್ದಾ, ಅಕ್ಕುನ್ನ ಕರ್ದು ಹಿಂದ್ಕೆ ಕುಂಡ್ರಿಸಿ ಗಾಳಿ ಕುಡುಸ್ತೀಯಾ ಅಂದೆ. ಆವತ್ತೇ ಸರಿ ಮಾಡ್ದ."

"ಮಾಡ್ದೆ" ಅಂದ ಸಿದ್ದರಾಜು. ರಿಮೋಟನ್ನು ಎದೆಗೆ ಅವುಚಿಕೊಂಡಿದ್ದ. "ಹಿಂದ್ ಕುಂತೋರು ಮನುಷ್ರಲ್ವಾ? ಮುಂದಿನೋನಿಗೆ ಮಾತು, ಹಿಂದಿನೋನಿಗೆ ಗಾಳೀನಾ? ಕೊನೆ ಗದ್ದೇಗೆ ನೀರಿಲ್ಲ ಅಂತ ನನ್ ಮನೇಲೇ ಮಾತು ಬಂದ್ರೆ ನಾನು ನೀರುಗಂಟಿಯಾಗಿದ್ದು ಯಾಕೆ? ತಪ್ಪೇನು ಮಾಡಿದೀನಿ?"

"ಇರೋದು ಒಂದೇ ಕೊಕ್ಕರೆ ಅಪ್ಪಾ!" ಕವಿತ ಕೂಗಿಯೇಬಿಟ್ಟಳು. "ನೀನು ಅದನ್ನ ಕೊಚ್ಚಿ ಐದು ಜನಕ್ಕೂ ಪಾಲು ಹಾಕಿದೀಯ! ಹಾರೋದು ಎಲ್ಲಿಂದ?"

ಸಿದ್ದರಾಜುವಿನ ಹೆಬ್ಬೆರಳು ಆ ಪಾಲನ್ನು ತೆಗೆಯುವ ಗುಂಡಿಯ ಮೇಲೆ ಹೋಗಿ ಹಿಂದೆ ಬಂತು. ಅಕ್ಕನ ಕಡೆ ನೋಡಿದ. ಮಗಳ ಕಡೆ ನೋಡಿದ. ಆಮೇಲೆ ಒತ್ತಿದ.

ಚಿತ್ರ ಹಚ್ಚಿದರು. ಮುದುಕಿ ಎರಡನೆಯ ಮಾತನ್ನು ಮುಗಿಸುವ ಮೊದಲೇ ಮಾತಿನಡಿ ಸಣ್ಣಗೆ ಇರಬೇಕಾಗಿದ್ದ ಮರಿಗಳ ಕಿರುಚಾಟ ನಮ್ಮ ಬೆನ್ನ ಹಿಂದೆ ಎದ್ದಿತು. ಅದರ ಹಿಂದೆಯೇ ರೆಕ್ಕೆ, ಲಾರಿ ನುಗ್ಗಿದ ಹಾಗೆ. ನಾನು ತಲೆ ತಗ್ಗಿಸಿದೆ. ಹಕ್ಕಿ ಹಾರಿತು ಸರಿ, ಆದರೆ ಮುದುಕಿಯ ಮಾತನ್ನೆಲ್ಲ ತುಳಿದುಕೊಂಡು ಹಾರಿತು.

ಕವಿತ ಚಿತ್ರ ನಿಲ್ಲಿಸಿದಳು. ಆಡುತ್ತಿದ್ದದ್ದು ಅವಳು ಮಧ್ಯಾಹ್ನ ಏರಿಸಿದ ಪ್ರತಿ. ರಘುನಂದನ್ ಕೈಯಲ್ಲಿ ಇದ್ದದ್ದೂ ಅದೇ.

ಮೊದಲಿನ ಪ್ರತಿಯನ್ನು ಹಾಕಿದಳು. ಮುದುಕಿ ಆಡಿ ಸುಮ್ಮನಾದಳು. ಎಲ್ಲೋ ಹಿಂದೆ, ಎತ್ತರದಲ್ಲಿ, ಮರಿಗಳು. ಎಡ ಭುಜದ ಪಕ್ಕದಿಂದ ಗಾಳಿ ಸೀಳುತ್ತ ಒಂದು ರೆಕ್ಕೆ ಹೋಯಿತು. ಮುಂದೆ ಹುಣಸೆಯ ಕೊಂಬೆ ಅಲುಗಿತು. ಕಟಕಟ. ಅಷ್ಟೇ. ನೋಡನೋಡುತ್ತ ಮಂಗಳಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು, ಹಿಕ್ಕೆ ಬಿದ್ದೀತೆಂದು.

ಕವಿತ ಆಗಲೇ ಫೋನು ಮಾಡುತ್ತಿದ್ದಳು. ಗಂಟೆ ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಬೇರೆಯವರ ಜೊತೆ ಮಾತಲ್ಲಿದ್ದಾರೆ ಎಂದಿತು. ಗಡಿಯಾರದ ದೊಡ್ಡ ಮುಳ್ಳು ಮೇಲಕ್ಕೆ ಹತ್ತಿತ್ತು. ಮೂರನೆಯ ಸಲ ಎತ್ತಿದರು. ಫೋನಿನ ದನಿ ನಮಗೆಲ್ಲ ಕೇಳುತ್ತಿತ್ತು.

"ಸರ್, ಕಳಿಸಿಬಿಟ್ರಾ?"

"ಕಳಿಸೋಕೆ ಕೂತಿದೀನಿ. ಏನು?"

"ಆ ಎರಡನೇದು ಬೇಡ ಸರ್. ಮೊದಲಿನದೇ ಸರಿ."

"ಮಧ್ಯಾಹ್ನ ಎರಡನೇದು ಸರಿ ಅಂದೆ. ಈಗ ಮೊದಲನೇದು ಅಂತೀಯ. ಇನ್ನು ಸ್ವಲ್ಪ ಹೊತ್ತಿಗೆ ಏನಂತೀಯ ಕವಿತ?"

ಸಿದ್ದರಾಜು ಕೈ ಚಾಚಿದ. "ಇಲ್ ಕೊಡು, ನಾನೇಳ್ತೀನಿ. ತಪ್ಪು ನಮ್ ಮನೇದು ಅಂತ..." ಕವಿತ ಅಂಗೈ ಅಡ್ಡ ಹಿಡಿದು ತಡೆದಳು. ಅವನು ನಿಂತ. ಜೀವಮಾನದಲ್ಲಿ ಯಾರು ತಡೆದರೂ ನಿಂತವನಲ್ಲ.

"ಸೆಟ್ಟು ತಪ್ಪಿತ್ತು ಸರ್. ಅದನ್ನ ನೋಡದೇ ನನ್ನ ಕೆಲಸಾನೇ ತಿದ್ದಿದೆ, ಅದು ನನ್ನ ತಪ್ಪು. ಈಗ ಹಿಂಡದೇ ಇರೋ ಸದ್ದಲ್ಲಿ, ಆರೂ ದಾರೀಲಿ ಕೇಳಿದೀನಿ. ಮೊದಲನೇದು ಕಳಿಸಿ. ಇನ್ನು ಬದಲಾಯಿಸಲ್ಲ."

ಆ ಕಡೆ ಕೀಬೋರ್ಡು ಕುಟ್ಟಿದ ಸದ್ದು ಕೇಳಿಸಿತು.

"ಕಳಿಸ್ತೀನಿ" ಅಂದರು ರಘುನಂದನ್. "ಸೋಮವಾರ ಬಾ, ಮಾತಾಡೋದಿದೆ." ಫೋನು ಇಟ್ಟರು.

ಅದು ಬೈಗುಳವೋ ಶಹಬ್ಬಾಸೋ ಯಾರಿಗೂ ತಿಳಿಯಲಿಲ್ಲ. ಈಗ ಬರೆಯುವ ಹೊತ್ತಿಗೆ ತಿಳಿದಿದೆ. ಚಿತ್ರ ಮೊದಲಿನ ಸದ್ದಿನಲ್ಲೇ ಹೋಯಿತು, ಕೊನೆಯಲ್ಲಿ ಕವಿತಳ ಹೆಸರೂ ಇದೆ. ಆದರೆ ಅವಳು ಕಾದಿದ್ದ ದೊಡ್ಡ ಸಿನಿಮಾವನ್ನು ರಘುನಂದನ್ ಇನ್ನೊಬ್ಬರಿಗೆ ಕೊಟ್ಟರು. ಇವಳನ್ನು ಜೊತೆಗೆ ಕೂರಿಸಿದರು. ಮೂರು ಸಲ ಕೇಳಿ ಒಂದು ಸಲ ತಿದ್ದುವುದನ್ನು ಕಲಿತುಕೋ ಅಂದರಂತೆ. ಅವಳು ಅತ್ತಳು, ಆಮೇಲೆ ಹೋಗಿ ಕೂತಳು.

ಆವತ್ತು ಸಂಜೆ ಫೋನು ಇಟ್ಟ ಮೇಲೆ ಚಿತ್ರವನ್ನು ಪೂರ್ತಿ ನೋಡೋಣ ಅಂದೆವು. ಅರ್ಧಕ್ಕೇ ಹಿಂದಿನಿಂದ ದನಿ ಬಂತು. "ಸಿದ್ದಾ, ಆ ಮುದ್ಕಿ ಏನಂದ್ಳು? ನಂಗೆ ಬರೀ ಕೊಕ್ರೆ ಕೇಳುಸ್ತದೆ ಕಣ್ಲಾ."

ಸಿದ್ದರಾಜುವಿನ ಕೈ ರಿಮೋಟಿನ ಮೇಲೆ ಹೋಯಿತು. ಕವಿತ ಅವನ ಕೈಯನ್ನೇ ನೋಡಿದಳು. ಅವನು ರಿಮೋಟನ್ನು ಟಿವಿಯ ಪಕ್ಕ ಇಟ್ಟು, ಐದೂ ಸ್ಪೀಕರುಗಳ ನಡುಮಧ್ಯೆ ಹಾಕಿಕೊಂಡಿದ್ದ ತನ್ನ ಕುರ್ಚಿಯಿಂದ ಎದ್ದ. "ಬಾ, ಇಲ್ ಕುಂತ್ಕೊ."

ಚಿಕ್ಕನಂಜಮ್ಮ ಎಲೆಯ ತಟ್ಟೆ ಸಮೇತ ಬಂದು ಕೂತಳು. ಇವನು ಹೋಗಿ ಗೋಡೆಯ ಬಳಿ ಮಂಚದ ಮೇಲೆ ಕಾಲು ಮಡಿಸಿದ. ಮುದುಕಿ ಮಾತಾಡಿದಳು, ಸುಮ್ಮನಾದಳು, ಹಕ್ಕಿ ಹಾರಿ ಬಂದು ಇಳಿಯಿತು. ಚಿಕ್ಕನಂಜಮ್ಮ ಸ್ವಲ್ಪ ಹೊತ್ತು ಬಾಯಿ ಬಿಟ್ಟುಕೊಂಡು ಕೂತಿದ್ದವಳು ಮೆಲ್ಲಗೆ ಹಿಂದಕ್ಕೆ ತಿರುಗಿದಳು.

"ಅಲ್ಲ ಕಣ್ಲಾ ಸಿದ್ದಾ, ಇಷ್ಟ್ ದಿನ ಈ ಕುರ್ಚೀಲಿ ಒಬ್ನೇ ಕುಂತಿದ್ಯಲ್ಲ, ಒಂದ್ಸಲಾನಾದ್ರೂ ಬುಟ್ಕೊಟ್ಯಾ?"

ಸಿದ್ದರಾಜು ಮಂಚದ ಮೇಲೆ ಉಳಿದಿದ್ದ ಅಡಿಕೆ ಚೂರೊಂದನ್ನು ಬಾಯಿಗೆ ಹಾಕಿಕೊಂಡ. ಮಂಗಳಮ್ಮ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.